ಆಷಾಢದಲ್ಲಿ ಬಿಟ್ಟುಕೊಂಡ ಮೇಜು

ಕಳೆದ ಏಪ್ರಿಲ್‌ನಲ್ಲಿ ಮಗಳ ಓದಿಗೆಂದು ಹಲಸಿನ ಮೂರು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ, ಅಡಿಭಾಗಕ್ಕೆ ಎರಡು ಅಡ್ಡಪಟ್ಟಿಗಳನ್ನು ಕೊಟ್ಟು, ಬರೀ ಬಿಳಿ ಅಂಟಿನಲ್ಲೇ ಒಂದು ಮೇಜಿನ ಮೈ ಮಾಡಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಆಷಾಢ ಹಿಡಿದರೆ ಒಲೆಯ ಮೇಲಿನ ಅಟ್ಟ ಬಿಟ್ಟು ಬೇರೆಲ್ಲೂ ಬಟ್ಟೆ ಒಣಗುವುದಿಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ ನೋಡಿದರೆ ಮೇಜು ನಡುವೆ ಮೇಲಕ್ಕೆ ಉಬ್ಬಿ, ಒಂದು ಜೋಡಣೆ ಉದ್ದಕ್ಕೂ ಬಾಯಿಬಿಟ್ಟಿತ್ತು.

ಅಂಟೇ ಸರಿಯಿಲ್ಲವೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನೆರೆಮನೆಯ ಬಡಗಿ ಆಚಾರ್ರು ಹಲಗೆಗಳನ್ನು ಪೂರ್ತಿ ಬಿಡಿಸಿ, ಬಿಟ್ಟ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಅಂಚಿನ ಮೇಲೆ ಅಂಟು ಗಾಜಿನ ಪೊರೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಎದುರಿನ ಅಂಚಿನಲ್ಲಿ ನಾನು ಎಳೆದಿದ್ದ ಪೆನ್ಸಿಲ್ ಗೆರೆ ಕೂಡ ಮಾಸಿರಲಿಲ್ಲ. "ಇಲ್ಲಿ ಅಂಟು ಮರಕ್ಕೆ ಹಿಡಿದೇ ಇಲ್ಲ ಮಾರಾಯ್ರೆ" ಎಂದು, ಅಡ್ಡಪಟ್ಟಿಯ ನಡುಭಾಗವನ್ನು ತೋರಿಸಿದರು. ಅಲ್ಲಿ ಹಲಗೆಯ ಹಳದಿ ನಾರುಗಳು ಕಿತ್ತು ಪಟ್ಟಿಗೆ ಅಂಟಿಕೊಂಡೇ ಇದ್ದವು. ಅಂದರೆ ಅಲ್ಲಿ ಅಂಟು ಗೆದ್ದಿತ್ತು, ಹರಿದದ್ದು ಮರ. ಒಂದೇ ಡಬ್ಬಿಯ ಅಂಟು, ಒಂದೇ ದಿನದ ಕೆಲಸ!

ನುಣ್ಣಗಿನ ಪೊರೆಯ ಕಾರಣ ನನಗೆ ನೆನಪಾಯಿತು. ಬಿಳಿ ಅಂಟು ಬೇಸಿಗೆಯ ಗಾಳಿಗೆ ಐದರಿಂದ ಹತ್ತು ನಿಮಿಷದಲ್ಲೇ ಮೇಲ್ಮೈ ಕಟ್ಟತೊಡಗುತ್ತದೆ. ನಾನು ಒಂದೇ ಅಂಚಿಗೆ ಅಂಟು ಬಳಿದು, ಕ್ಲಾಂಪು ಹುಡುಕಿ ಹೊಂದಿಸುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಹೊತ್ತಾಗಿತ್ತು. ಆ ಮೇಲೆ ಎಷ್ಟು ಬಿಗಿದರೂ ಅಂಟು ಎದುರಿನ ಮರದೊಳಗೆ ಇಳಿಯಲಾರದು.

ಆದರೆ ಹೆಚ್ಚಿನ ತಪ್ಪು ಅಡ್ಡಪಟ್ಟಿಯದು, ಮತ್ತು ಮಳೆನಾಡಿನಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಬೇಕಿತ್ತು. ಮರವು ತೇವ ಕುಡಿದಾಗ ಅಗಲದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಎರಡಡಿ ಅಗಲದ ಮೇಜು ಮಳೆಗಾಲಕ್ಕೆ ಕೆಲವು ಮಿಲಿಮೀಟರ್ ಬೆಳೆಯಲು ಹೊರಟಾಗ, ಹಲಗೆಯ ನಾರಿನ ಎಳೆಗೆ ಅಡ್ಡವಾಗಿ ಉದ್ದಕ್ಕೂ ಅಂಟಿಸಿದ ಪಟ್ಟಿ ಅದನ್ನು ಅಡಿಯಿಂದ ಹಿಡಿದುಕೊಂಡಿತು. ಹಿಗ್ಗಲು ದಾರಿಯಿಲ್ಲದ ಹಲಗೆ ಮೇಲಕ್ಕೆ ಉಬ್ಬಿತು, ತೇವಕ್ಕೆ ಮೆತ್ತಗಾಗಿದ್ದ ಪಟ್ಟಿಯ ತುದಿಗಳ ಅಂಟು ಜಾರಿತು, ಹಿಡಿತವಿಲ್ಲದ ಅಂಚು ಬಿಟ್ಟುಕೊಂಡಿತು. ಹಳೆಯ ಮನೆಗಳ ಬಾಗಿಲಲ್ಲಿ ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ಕಾಲುವೆಯಂಥ ಗಾಡಿಯಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂರಿಸಿರುವುದನ್ನು ನೋಡಿಯೂ ಅದೇಕೆಂದು ನಾನು ಕೇಳಿರಲಿಲ್ಲ.

ಆ ದಿನವೇ ಮತ್ತೆ ಅಂಟಿಸೋಣವೆಂದರೆ ಆಚಾರ್ರು ಒಪ್ಪಲಿಲ್ಲ. ನೀರು ಕುಡಿದ ಹಲಗೆಯನ್ನು ಈಗ ಸೇರಿಸಿದರೆ ಬೇಸಿಗೆಗೆ ಕುಗ್ಗಿ ಬೇರೆ ಕಡೆ ಸೀಳುತ್ತದೆ ಎಂದರು. ದೀಪಾವಳಿ ಕಳೆದು, ಹಲಗೆಗಳು ಒಳಮನೆಯಲ್ಲಿ ಒಣಗಿದ ಮೇಲೆ ಕೂತೆವು. ಒಣಗಿದ ಬಿಳಿ ಅಂಟಿನ ಮೇಲೆ ಹೊಸ ಅಂಟು ಸರಿಯಾಗಿ ಹಿಡಿಯದ ಕಾರಣ ಹಳೆಯದನ್ನು ಉಳಿಯಿಂದ ಕೆರೆದು ತೆಗೆದು, ಅದೇ ಬೆಳಿಗ್ಗೆ ಅಂಚುಗಳಿಗೆ ಮರ ಹೆರೆಯುವ ತೋಪಡ ಹೊಡೆದು, ಕ್ಲಾಂಪುಗಳನ್ನು ಮೊದಲೇ ಅಳತೆಗೆ ತೆರೆದಿಟ್ಟುಕೊಂಡು, ಎರಡೂ ಅಂಚಿಗೆ ತೆಳುವಾಗಿ ಬಳಿದೆವು. ಗೆರೆಯುದ್ದಕ್ಕೂ ಸಾಸಿವೆಯಂಥ ಹನಿಗಳು ಹೊರಬಂದಾಗ ಬಿಗಿಯುವುದನ್ನು ನಿಲ್ಲಿಸಿ, ಮರುದಿನದವರೆಗೆ ಮುಟ್ಟಲಿಲ್ಲ. ಅಡ್ಡಪಟ್ಟಿಗೆ ನಡುವೆ ಮಾತ್ರ ಅಂಟು. ತುದಿಗಳಲ್ಲಿ ಉದ್ದನೆಯ ಸೀಳುತೂತು ಕೊರೆದು ಸ್ಕ್ರೂ ಹಾಕಿದೆವು.

ಈ ಫೆಬ್ರುವರಿಯಲ್ಲಿ ಮೇಜಿನಡಿ ಮಲಗಿ ನೋಡಿದೆ. ಸ್ಕ್ರೂಗಳು ಸೀಳುತೂತಿನ ಒಳಬದಿಗೆ ಸರಿದು ನಿಂತಿವೆ, ಹೊರಬದಿಯಲ್ಲಿ ಮಳೆಗಾಲಕ್ಕೆ ಬೇಕಾದ ಜಾಗ ಖಾಲಿ ಉಳಿದಿದೆ.