ಆರು ಸೆಕೆಂಡಿಗೊಮ್ಮೆ ಎಡವುವ ಚಿತ್ರ

ಹಳೆಯ ವಿಡಿಯೊ ಗೇಮ್‌ಗಳನ್ನು ಹೊಸ ಟಿವಿಯಲ್ಲಿ ಅವುಗಳದ್ದೇ ವೇಗದಲ್ಲಿ, ಎಡವದಂತೆ ಓಡಿಸಲು ಹನ್ನೊಂದು ದಿನ, ಮೂರು ಡಾಕ್, ಎರಡು ಕೇಬಲ್. ಕೊನೆಗೂ ನಿನ್ನೆ ರಾತ್ರಿ ಪರದೆಯನ್ನು ಪರೀಕ್ಷಿಸುವ ಪ್ರೋಗ್ರಾಂ ಆದ 240ಪಿ ಟೆಸ್ಟ್ ಸೂಟ್‌ನ ಹಿನ್ನೆಲೆ ಇಪ್ಪತ್ತು ನಿಮಿಷ ತೈಲಧಾರೆಯಂತೆ ಜಾರಿತು. ಒಮ್ಮೆಯೂ ಎಡವಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮನೆಯವರಿಗೆಲ್ಲ ಎಚ್ಚರವಾಯಿತು, ಕ್ಷಮೆ ಕೇಳಿದೆ, ಮತ್ತೆ ಕುಳಿತು ನೋಡಿದೆ. ಇನ್ನೂ ಜಾರುತ್ತಲೇ ಇತ್ತು.

ಕಾರ್ಟ್ರಿಡ್ಜ್‌ಗಳ ಪಿನ್ ಒರೆಸಿದ್ದು, ಅವುಗಳಲ್ಲಿನ ಆಟಗಳ ನಕಲು ತೆಗೆದದ್ದು, ಹಳೆಯ ಆಟದ ಯಂತ್ರಗಳನ್ನು ಅನುಕರಿಸುವ ಎಮ್ಯುಲೇಟರ್ ಪ್ರೋಗ್ರಾಂ ಆದ ರೆಟ್ರೊಆರ್ಚ್‌ನಲ್ಲಿ ಕೋರ್‌ಗಳನ್ನು ಜೋಡಿಸಿದ್ದು, ಗುಂಡಿಗಳನ್ನು ಹೊಂದಿಸಿದ್ದು, ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳು, ಬಿಟ್ಟುಬಿಡುತ್ತೇನೆ. ಯಂತ್ರ ಹಿಂದಿನದೇ: ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್, ಅದನ್ನು ಟಿವಿಗೆ ಸೇರಿಸುವ ಯುಎಸ್‌ಬಿ-ಸಿ ಡಾಕ್. ಟಿವಿ ಮಾತ್ರ ಹೊಸದು. ಸೆಕೆಂಡಿಗೆ ಇಷ್ಟು ಚಿತ್ರ ಎಂಬ ಲೆಕ್ಕದಲ್ಲಿ 48ರಿಂದ 120 ಹರ್ಟ್ಜ್‌ವರೆಗೆ ಯಾವ ದರದಲ್ಲಿ ಚಿತ್ರ ಬಂದರೂ ಅದೇ ದರದಲ್ಲಿ ತೋರಿಸಬಲ್ಲದು, ಅಂದರೆ ಬದಲಾಗುವ ದರದ ಸೌಲಭ್ಯವಾದ ವಿಆರ್‌ಆರ್ ಇದೆ. ಅದಕ್ಕಾಗಿಯೇ ಕೊಂಡದ್ದು.

ಅದು ಏಕೆ ಬೇಕಾಯಿತು ಎಂಬುದನ್ನು ಹೇಳಲೇಬೇಕು. ಸೂಪರ್ ನಿಂಟೆಂಡೊ ಎಂಬ ಹಳೆಯ ಆಟದ ಯಂತ್ರ ಸೆಕೆಂಡಿಗೆ 60 ಚಿತ್ರ ಕೊಡುತ್ತದೆ ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಕೊಡುವುದು 60.0988. ಈ ಚಿಲ್ಲರೆ ಎಲ್ಲಿಂದ ಬಂತು ಎಂದು ಕಾಗದದ ಮೇಲೆ ಬಿಡಿಸಿ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಎನ್‌ಟಿಎಸ್‌ಸಿ ಎಂಬ ಹಳೆಯ ಪ್ರಸಾರ ಮಾನದಂಡದ ಟಿವಿಗೆ ಪ್ರತಿ ಸುತ್ತಿಗೆ, ಅಂದರೆ ಪರದೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಬರೆಯಲು, 262.5 ಗೆರೆಗಳು ಬೇಕು. ಆ ಅರ್ಧ ಗೆರೆಯಿಂದಲೇ ಒಂದು ಸುತ್ತಿನ ಗೆರೆಗಳು ಇನ್ನೊಂದು ಸುತ್ತಿನ ಗೆರೆಗಳ ನಡುವೆ ಬೀಳುತ್ತವೆ, ದರ 59.94 ಆಗುತ್ತದೆ. ಆಟದ ಯಂತ್ರಕ್ಕೆ ಈ ಹೆಣೆಯುವಿಕೆ ಬೇಡ, ಚಿತ್ರ ನಡುಗುತ್ತದೆ. ಆದ್ದರಿಂದ ಅದು ಅರ್ಧ ಗೆರೆಯನ್ನು ಕೈಬಿಟ್ಟು 262ಕ್ಕೇ ಸುತ್ತು ಮುಗಿಸುತ್ತದೆ. ದರ 60.05ಕ್ಕೆ ಏರುತ್ತದೆ. ಜೊತೆಗೆ ಒಂದು ಗೆರೆಗೆ ಟಿವಿ ಲೆಕ್ಕದಲ್ಲಿ 1365 ಗಡಿಯಾರ ಬಡಿತಗಳು ಬೇಕಾದ ಕಡೆ ಈ ಯಂತ್ರ 1364ರಲ್ಲೇ ಮುಗಿಸುತ್ತದೆ. ಈಗ 60.098. ಇನ್ನು ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ನಾಲ್ಕು ಬಡಿತಗಳನ್ನು ಕೈಬಿಡುತ್ತದೆ, ಉಳಿದ ಚಿಲ್ಲರೆಯೂ ಕೂಡಿತು. ಹೀಗೆ ಅರ್ಧ ಗೆರೆ ಒಂದು ಕಡೆ, ಒಂದು ಬಡಿತ ಇನ್ನೊಂದು ಕಡೆ ಕಳೆದು ಹುಟ್ಟಿದ ಸಂಖ್ಯೆ ಅದು.

ಹಳೆಯ ಟ್ಯೂಬ್ ಟಿವಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ. ಅದಕ್ಕೆ ಸ್ವಂತ ಹಟವಿರಲಿಲ್ಲ. ಆಟದ ಯಂತ್ರ "ಈಗ ಹೊಸ ಸುತ್ತು" ಎಂದು ಸಂಕೇತ ಕೊಟ್ಟ ಕ್ಷಣವೇ ಗೆರೆ ಬರೆಯುವ ಟಿವಿಯ ಕಿರಣ ಮೇಲಕ್ಕೆ ಜಿಗಿಯುತ್ತಿತ್ತು. ಕಾಲದ ಯಜಮಾನಿಕೆ ಆಟದ್ದು, ಪರದೆ ಅದರ ಹಿಂಬಾಲಕ. ಹೊಸ ಪರದೆಗೆ ತನ್ನದೇ ಗಡಿಯಾರವಿದೆ, ಆಟವೇ ಅದಕ್ಕೆ ತಾಳ ಹೊಂದಿಸಿಕೊಳ್ಳಬೇಕು. ಈ ಹನ್ನೊಂದು ದಿನ ನಾನು ಮಾಡಲು ಹೊರಟದ್ದು ಇಷ್ಟೇ: ಯಜಮಾನಿಕೆಯನ್ನು ಆಟಕ್ಕೆ ಮರಳಿ ಕೊಡಿಸುವುದು.

(ಕಿರಣದ ಮಾತು ಬಂತು, ಒಂದು ನಿಮಿಷ ಪಕ್ಕಕ್ಕೆ ಹೊರಳುತ್ತೇನೆ. ಮುಂದಿನ ಯೋಜನೆ ಬೆಳಕಿನ ಬಂದೂಕು. ನಿಂಟೆಂಡೊದ ಜ್ಯಾಪರ್ ಗುಂಡು ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ಬಾತುಕೋಳಿ ಬೇಟೆಯ ಆಟದಲ್ಲಿ ಕುದುರೆ ಒತ್ತಿದಾಗ ಪರದೆ ಒಂದು ಸುತ್ತು ಕಪ್ಪಾಗುತ್ತದೆ, ಮುಂದಿನ ಸುತ್ತಿನಲ್ಲಿ ಬಾತುಕೋಳಿ ಇರುವ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಆ ಬಿಳಿ ಬಂದೂಕಿನ ಕಣ್ಣಿಗೆ ಬಿದ್ದರೆ ಗುರಿ ತಾಗಿತು. ಹೊಸ ಟಿವಿ ಚಿತ್ರವನ್ನು ತಡಮಾಡಿ ತೋರಿಸುವುದರಿಂದ ಬಿಳಿ ಬರುವ ಹೊತ್ತಿಗೆ ಬಂದೂಕಿನ ಕಣ್ಣು ಮುಚ್ಚಿರುತ್ತದೆ. ಪರದೆಯ ಸುತ್ತ ಬಿಳಿ ಅಂಚು ಬರೆದು, ಬಂದೂಕಿನ ಮೂತಿಯಲ್ಲಿ ಪುಟ್ಟ ಕ್ಯಾಮೆರಾ ಇಟ್ಟು, ಅಂಚು ಹೇಗೆ ಓರೆಯಾಗಿ ಕಾಣುತ್ತದೆ ಎಂಬುದರಿಂದ ಗುರಿಯನ್ನು ಲೆಕ್ಕ ಹಾಕುವ ದಾರಿ ನನಗೆ ಬಹಳ ಹಿಡಿಸಿದೆ. ಹಳೆಯ ಪ್ಲಾಸ್ಟಿಕ್ ಬಂದೂಕಿನ ಹೊಟ್ಟೆಯೊಳಗೆ ಕ್ಯಾಮೆರಾ ಹಿಡಿಯುತ್ತದೆಯೇ ಎಂದು ಈಗಾಗಲೇ ಅಳೆದಿದ್ದೇನೆ. ಹಿಡಿಯುತ್ತದೆ. ಆದರೆ ಮೊದಲು ಇದು ಮುಗಿಯಲಿ.)

ಇಷ್ಟು ದಿನ ನಾನು ನೀವೆಲ್ಲ ಮಾಡುವುದನ್ನೇ ಮಾಡುತ್ತಿದ್ದೆ: ಆಟವನ್ನು ಪರದೆಯ 60ಕ್ಕೆ ಎಳೆದು, ಸದ್ದನ್ನು ಅದಕ್ಕೆ ತಕ್ಕಂತೆ ಕೂದಲೆಳೆಯಷ್ಟು ಹಿಗ್ಗಿಸುವುದು. ಸೂಪರ್ ನಿಂಟೆಂಡೊಗೆ ಇದು ಸಾಕು. ವ್ಯತ್ಯಾಸ ಶೇಕಡಾ 0.16, ಯಾರ ಕಿವಿಗೂ ಬೀಳದು. ಗೇಮ್ ಬಾಯ್‌ನ ದರ 59.7275, ಅಂದರೆ ಶೇಕಡಾ ಅರ್ಧಕ್ಕಿಂತ ಸ್ವಲ್ಪ ಕಡಿಮೆ ವೇಗ ಏರುತ್ತದೆ, ಅದನ್ನೂ ಸಹಿಸಬಹುದು. ಎಲ್ಲ ಕೆಟ್ಟದ್ದು 1987ರ ಆರ್-ಟೈಪ್ ಎಂಬ, ನಾಣ್ಯ ಹಾಕಿ ಆಡುವ ಆರ್ಕೇಡ್ ಆಟದಿಂದ. ಇರೆಮ್ ಕಂಪನಿಯ ಆ ಬೋರ್ಡಿನ ದರ 55.02. ಅದನ್ನು 60ಕ್ಕೆ ಎಳೆದರೆ ಆಟ ಶೇಕಡಾ 9ರಷ್ಟು ವೇಗವಾಗುತ್ತದೆ, ಸಂಗೀತ ಒಂದೂವರೆ ಅರ್ಧಸ್ವರ ಮೇಲೇರಿ ಕೀರಲಾಗುತ್ತದೆ. ಎಳೆಯದೆ ಬಿಟ್ಟರೆ ಸೆಕೆಂಡಿಗೆ ಐದು ಬಾರಿ ಒಂದೇ ಚಿತ್ರ ಎರಡೆರಡು ಸಲ ಬಂದು ಹಿನ್ನೆಲೆ ಜಗ್ಗುತ್ತದೆ. ಗುಂಡುಗಳ ನಡುವೆ ನವಿರಾಗಿ ನುಸುಳಬೇಕಾದ ಆಟವದು. ಎರಡನ್ನೂ ಒಪ್ಪಲಾರೆ.

ಹೀಗಾಗಿ ವಿಆರ್‌ಆರ್. ಇನ್ನು ಡಾಕ್‌ಗಳ ಕಥೆ.

ಮೊದಲ ಡಾಕ್‌ನ ಡಬ್ಬಿಯ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ಟಿವಿ ಜೋಡಣೆಯ ಮಾನದಂಡವಾದ "ಎಚ್‌ಡಿಎಂಐ 2.1" ಎಂದಿತ್ತು. ಆ ಗುರುತಿನ ಅಡಿಯಲ್ಲಿ ವಿಆರ್‌ಆರ್ ಕಡ್ಡಾಯವಲ್ಲ, ಐಚ್ಛಿಕ ಎಂಬುದು ಗೊತ್ತಿದ್ದುದರಿಂದ ಕೊಳ್ಳುವ ಮೊದಲು ಮಾರಾಟಗಾರರಿಗೆ ಬರೆದು ಕೇಳಿದೆ. "4ಕೆ ಖಂಡಿತ ಬರುತ್ತದೆ" ಎಂದು ಉತ್ತರ ಬಂತು. ನಾನು ಊರಿನ ದಾರಿ ಕೇಳಿದರೆ ಅವರು ಬಸ್ಸಿನ ಬಣ್ಣ ಹೇಳಿದರು. ಡಾಕ್‌ನೊಳಗೆ ಕಂಪ್ಯೂಟರಿನಿಂದ ಬರುವ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಎಚ್‌ಡಿಎಂಐಗೆ ಬದಲಾಯಿಸುವ ಒಂದು ಚಿಪ್ ಇರುತ್ತದೆ; ಅದು ವಿಆರ್‌ಆರ್ ಅನ್ನು ದಾಟಿಸದಿದ್ದರೆ ಮುಂದೆ ಎಷ್ಟು ಒಳ್ಳೆಯ ಟಿವಿ ಇದ್ದರೂ ವ್ಯರ್ಥ. ಎರಡನೆಯ ಡಾಕ್‌ನ ವಿವರದಲ್ಲಿ ಸರಿಯಾದ ಚಿಪ್‌ನ ಚಿತ್ರವೇ ಇತ್ತು. ಬಂದದ್ದನ್ನು ಬಿಚ್ಚಿದರೆ ಒಳಗೆ ಬೇರೆಯೇ ಚಿಪ್. ಮರಳಿ ಕಳುಹಿಸಲು ನಾಲ್ಕು ದಿನ ಪತ್ರವ್ಯವಹಾರ ನಡೆಯಿತು. ಮಾರುವವರು ಒಳಗಿನ ಚಿಪ್ ಯಾವುದೆಂದು ಒಂದೇ ಒಂದು ಸಾಲು ಪ್ರಾಮಾಣಿಕವಾಗಿ ಬರೆದರೆ ನಮ್ಮಂಥವರ ಎಷ್ಟು ವಾರಗಳು ಉಳಿಯುತ್ತವೆ! ಈ ಕೋಪ ನನಗಿನ್ನೂ ಆರಿಲ್ಲ.

ಮೂರನೆಯದು ಸರಿಯಾಗಿತ್ತು. ಕಂಪ್ಯೂಟರ್‌ನ ಪರದೆ ಸೆಟ್ಟಿಂಗ್‌ನಲ್ಲಿ ವಿಆರ್‌ಆರ್ ಆಯ್ಕೆ ಮೊದಲ ಬಾರಿಗೆ ಕಾಣಿಸಿತು. ಟಿವಿಯ ಮೆನು ಕೂಡ "ವಿಆರ್‌ಆರ್: ಆನ್" ಎಂದಿತು. ರೆಟ್ರೊಆರ್ಚ್‌ನಲ್ಲಿ ಆಟದ ನಿಖರ ಫ್ರೇಮ್ ದರಕ್ಕೇ (ಸೆಕೆಂಡಿನ ಚಿತ್ರಗಳ ಸಂಖ್ಯೆಗೇ) ಹೊಂದಿಕೊಳ್ಳುವ ಆಯ್ಕೆಯನ್ನು ಹಾಕಿದೆ. ಪರದೆಯ ಮೂಲೆಯಲ್ಲಿ ಫ್ರೇಮ್ ದರ ತೋರಿಸುವ ಮೀಟರ್ ಇಟ್ಟೆ. ಅದು 60.1 ಎಂದು ಕಲ್ಲಿನಂತೆ ನಿಂತಿತು. ಆರ್-ಟೈಪ್ ಹಾಕಿದೆ. 55.0 ಎಂದಿತು. ಚಿತ್ರ ಮಾತ್ರ ಹಿಂದಿನಂತೆಯೇ ಜಗ್ಗುತ್ತಿತ್ತು.

ಮೀಟರ್ ಸರಿ, ಮೆನು ಸರಿ, ಕಣ್ಣಿಗೆ ಕಾಣುವುದು ತಪ್ಪು. ಮೂರರಲ್ಲಿ ಯಾರನ್ನು ನಂಬುವುದು?

ಕಣ್ಣನ್ನೇ ನಂಬಿದೆ. ಆದರೆ ಸೆಕೆಂಡಿಗೆ ಐದು ಮುಗ್ಗರಿಕೆಗಳನ್ನು ಎಣಿಸಲಾಗದು. ನಿಧಾನವಾದ ಮುಗ್ಗರಿಕೆ ಬೇಕು. ಅದಕ್ಕೆ ಸೂಪರ್ ನಿಂಟೆಂಡೊಗೇ ಮರಳಿದೆ: ಟೆಸ್ಟ್ ಸೂಟ್‌ನ ಜಾರುವ ಹಿನ್ನೆಲೆ ಹಾಕಿ, ಸ್ಟಾಪ್‌ವಾಚ್ ಹಿಡಿದು, ಪ್ರತಿ ಎಡವಿಗೂ ಕಾಗದದ ಮೇಲೆ ಗೆರೆ ಎಳೆದೆ. ಪರದೆ ಸರಿಯಾಗಿ 60ರಲ್ಲಿ ಓಡುತ್ತಿದ್ದರೆ ಆಟ ಸೆಕೆಂಡಿಗೆ 0.0988 ಚಿತ್ರ ಹೆಚ್ಚು ತಯಾರಿಸುತ್ತದೆ, ಅಂದರೆ ಸುಮಾರು 10.1 ಸೆಕೆಂಡಿಗೆ ಒಂದು ಚಿತ್ರ ಬಿಟ್ಟುಹೋಗಬೇಕು. ಇಪ್ಪತ್ತು ಎಡವುಗಳಿಗೆ 202 ಸೆಕೆಂಡು. ನನಗೆ ಸಿಕ್ಕಿದ್ದು 126.

ಮತ್ತೆ ಎಣಿಸಿದೆ. 126. ಮೂರನೆಯ ಸಲ 127, ಹೆಬ್ಬೆರಳು ತಡವಾಗಿತ್ತು.

ಎಡವಿಗೆ 6.3 ಸೆಕೆಂಡು. ಅದನ್ನು ತಿರುಗಿಸಿ ಹಾಕಿದರೆ ವ್ಯತ್ಯಾಸ 0.159. 60.0988ರಿಂದ ಕಳೆದರೆ 59.94! ಅದೇ ಹಳೆಯ ಟಿವಿ ದರ, ಅರ್ಧ ಗೆರೆಯ ದರ. ನನ್ನ ಹೊಸ ಟಿವಿ "ಆನ್" ಎಂದು ಹೇಳುತ್ತಲೇ 59.94ಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕುಳಿತಿತ್ತು. ಒಂದು ಸ್ಟಾಪ್‌ವಾಚ್ ಮತ್ತು ಪೆನ್ಸಿಲ್ ಪರದೆಯ ದರವನ್ನು ದಶಾಂಶದ ಎರಡನೆಯ ಸ್ಥಾನದವರೆಗೆ ಅಳೆದುಕೊಟ್ಟವು. ಈ ಸಂತೋಷವನ್ನು ಯಾರೊಂದಿಗಾದರೂ ಹಂಚಿಕೊಳ್ಳಲೇಬೇಕಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಪರೀಕ್ಷೆಗೆಂದು ಸೆಟ್ಟಿಂಗ್‌ನಲ್ಲಿ 60.00ರ ಮೋಡ್ ಹಾಕಿ ಮತ್ತೆ ಎಣಿಸಿದೆ: ಇಪ್ಪತ್ತಕ್ಕೆ 203. ಲೆಕ್ಕ ಸುಳ್ಳಾಡಲಿಲ್ಲ.

ಈಗ ಎರಡು ವಿಷಯ ಸ್ಪಷ್ಟವಾದವು. ಟಿವಿ ಮೆನುವಿನ "ಆನ್" ಎಂದರೆ "ಬಂದರೆ ಸ್ವೀಕರಿಸುತ್ತೇನೆ" ಎಂದು, "ಬರುತ್ತಿದೆ" ಎಂದಲ್ಲ. ಮೂಲೆಯ ಮೀಟರ್ ಎಣಿಸುವುದು ಎಮ್ಯುಲೇಟರ್ ತಯಾರಿಸಿದ ಚಿತ್ರಗಳನ್ನು, ಪರದೆ ತೋರಿಸಿದ ಚಿತ್ರಗಳನ್ನಲ್ಲ. ಅಡುಗೆಮನೆಯಲ್ಲಿ ನಿಂತು ಬಡಿಸಿದ ಎಲೆಗಳನ್ನು ಎಣಿಸಿದ ಹಾಗೆ.

ಆದರೂ ವಿಆರ್‌ಆರ್ ಏಕೆ ಹೊರಡುತ್ತಿಲ್ಲ? ಕೇಬಲ್ ಬದಲಿಸಿದೆ, 126. ಎಮ್ಯುಲೇಟರ್ ಅಳಿಸಿ ಮತ್ತೆ ಹಾಕಿದೆ, 126. ಗ್ರಾಫಿಕ್ಸ್ ಡ್ರೈವರ್ ಹೊಸದು, 126. ಐದು ದಿನ ಆ ಸಂಖ್ಯೆ ನನ್ನ ಮನೆಯಲ್ಲೇ ವಾಸವಿತ್ತು.

ನಿನ್ನೆ ರಾತ್ರಿ ಹಿನ್ನೆಲೆಯ ಬಲಮೂಲೆಯಲ್ಲಿ ಎಡವು ಮೊದಲು ಕಾಣುತ್ತದೆಯೇ ಎಂದು ನೋಡುವ ಆಸೆಯಾಯಿತು. ಮೀಟರಿನ ಅಂಕಿಗಳು ಅಲ್ಲೇ ಅಡ್ಡ ಕುಳಿತಿದ್ದವು. ಮೀಟರ್ ಆರಿಸಿದೆ. ಗೆರೆ ಎಳೆಯಲು ಪೆನ್ಸಿಲ್ ಹಿಡಿದು ಕಾದೆ. ಆರು ಸೆಕೆಂಡು, ಹನ್ನೆರಡು, ಮೂವತ್ತು, ಒಂದು ನಿಮಿಷ. ಕಾಗದ ಖಾಲಿಯೇ ಉಳಿಯಿತು. ಮೀಟರ್ ಹಾಕಿದೆ: ಎಡವು ಬಂತು. ಆರಿಸಿದೆ: ಹೋಯಿತು. ಮೂರು ಬಾರಿ ಹೀಗೆಯೇ.

ಕಾರಣ ಇದು. ಆ ಮೀಟರ್ ಎಮ್ಯುಲೇಟರ್‌ನದ್ದಲ್ಲ, ಮೇಲಿನಿಂದ ಬೇರೆ ಪ್ರೋಗ್ರಾಂ ಬರೆಯುವ ಪದರ. ನನ್ನ ವ್ಯವಸ್ಥೆಯಲ್ಲಿ ಆಟವೊಂದೇ ಇಡೀ ಪರದೆಯನ್ನು ತುಂಬಿದಾಗ ಮಾತ್ರ ಅದರ ಚಿತ್ರ ನೇರವಾಗಿ ಟಿವಿಗೆ ಹೋಗುತ್ತದೆ, ಆಗಲೇ ವಿಆರ್‌ಆರ್ ಚಾಲೂ ಆಗುತ್ತದೆ. ಮೇಲೆ ಬೆರಳಗಲದ ಇನ್ನೊಂದು ಪದರ ಬಂದರೂ ಎರಡನ್ನೂ ಕಲಸಿ ಒಂದು ಚಿತ್ರ ಮಾಡುವ ಕೆಲಸವನ್ನು ಕಾಂಪೊಸಿಟರ್ ಎಂಬ ಪ್ರೋಗ್ರಾಂ ಕೈಗೆತ್ತಿಕೊಳ್ಳುತ್ತದೆ, ತನ್ನ ಸ್ಥಿರ ದರಕ್ಕೆ ಮರಳುತ್ತದೆ. ಅದೇ ತೊಂದರೆಯಲ್ಲಿರುವವರಿಗೆ ನನ್ನ ಕಳಕಳಿಯ ಮಾತು: ಮೀಟರ್, ಬ್ಯಾಟರಿ ಸೂಚಕ, ಸಂದೇಶದ ಗುಳ್ಳೆ, ಎಲ್ಲವನ್ನೂ ಮೊದಲು ಆರಿಸಿ. ಅಳೆಯಲೇಬೇಕಿದ್ದರೆ ಪೆನ್ಸಿಲ್ ಇದೆ.

ಆಮೇಲೆ ಆರ್-ಟೈಪ್ ಹಾಕಿದೆ. ಮೊದಲ ಹಂತದ ಆ ನಕ್ಷತ್ರಗಳು 55.02ರಲ್ಲಿ, ತಮ್ಮದೇ ನಡಿಗೆಯಲ್ಲಿ, ತಮ್ಮದೇ ಶ್ರುತಿಯ ಸಂಗೀತದೊಂದಿಗೆ ಸಾಗಿದವು. ಈ ಆಟ ಇಷ್ಟು ಭಾರವಾಗಿ, ಗಂಭೀರವಾಗಿ ನಡೆಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನು ಕೇಳಿದ್ದು ಓಡಿಸಿಕೊಂಡು ಹೋದ ಸಂಗೀತ.

ಇನ್ನೊಂದು ಲಾಭ ಕೇಳದೆಯೇ ಬಂತು. ಈ ಟಿವಿ ವಿಆರ್‌ಆರ್‌ನಲ್ಲಿ ಪ್ರತಿ ಚಿತ್ರವನ್ನೂ 120 ಹರ್ಟ್ಜ್‌ನ ವೇಗದಲ್ಲೇ, ಸುಮಾರು 8.3 ಮಿಲಿಸೆಕೆಂಡಿನಲ್ಲಿ, ಮೇಲಿನಿಂದ ಕೆಳಗೆ ಬರೆದು ಮುಗಿಸುತ್ತದೆ. ಟ್ಯೂಬ್ ಟಿವಿಯ ಕಿರಣಕ್ಕೆ ಅದೇ ಕೆಲಸಕ್ಕೆ 16 ಮಿಲಿಸೆಕೆಂಡಿಗೂ ಹೆಚ್ಚು ಬೇಕಿತ್ತು. ಜಿಗಿತದ ಗುಂಡಿ ಬೆರಳಿಗೆ ಹತ್ತಿರ ಬಂದಂತಿದೆ. ಒಎಲ್ಇಡಿ ಪರದೆಗಳಲ್ಲಿ ದರ ಏರಿಳಿದಾಗ ಕತ್ತಲ ದೃಶ್ಯಗಳು ಮಿಣುಕುತ್ತವೆ ಎಂಬ ಹೆದರಿಕೆ ಇತ್ತು. ಹಳೆಯ ಆಟಗಳ ದರ ಏರಿಳಿಯುವುದೇ ಇಲ್ಲವಾದ್ದರಿಂದ ಮಿಣುಕು ಕಂಡದ್ದು ಆಟ ತೆರೆಯುವ ಆ ಒಂದು ಕ್ಷಣ ಮಾತ್ರ. ಚಲನೆಯ ಮಸುಕು ಹಾಗೆಯೇ ಇದೆ. ಅದನ್ನು ತಗ್ಗಿಸಲು ಚಿತ್ರಗಳ ನಡುವೆ ಕಪ್ಪು ಸೇರಿಸುವ ಉಪಾಯ ಈ ಟಿವಿಯಲ್ಲಿ ವಿಆರ್‌ಆರ್ ಜೊತೆ ಹೊಂದುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು, ನಾನು ಲಯವನ್ನು ಆರಿಸಿಕೊಂಡಿದ್ದೇನೆ.

ಬಂದೂಕಿಗೆ ಕೈ ಹಚ್ಚುವ ಮುನ್ನ ಒಂದು ಎಣಿಕೆ ಬಾಕಿ ಇದೆ. ಗೇಮ್ ಬಾಯ್ ಆಟಗಳನ್ನು ಸೂಪರ್ ನಿಂಟೆಂಡೊದಲ್ಲಿ ಆಡಿಸುವ 1994ರ ಸೂಪರ್ ಗೇಮ್ ಬಾಯ್ ಕಾರ್ಟ್ರಿಡ್ಜ್ ತನ್ನದೇ ಗಡಿಯಾರ ಇಟ್ಟುಕೊಳ್ಳದೆ ಸೂಪರ್ ನಿಂಟೆಂಡೊದ ಗಡಿಯಾರವನ್ನು ಐದರಿಂದ ಭಾಗಿಸಿ ಬಳಸುತ್ತಿತ್ತು. ಹಾಗಾಗಿ ಅದರಲ್ಲಿ ಗೇಮ್ ಬಾಯ್ ಆಟಗಳು ಶೇಕಡಾ 2.4ರಷ್ಟು ಬೇಗ ಓಡುತ್ತಿದ್ದವು, 61.17ರಲ್ಲಿ. ಜಪಾನಿನಲ್ಲಿ 1998ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಷ್ಟೇ ಅದನ್ನು ಸರಿಪಡಿಸಿದರು. ನನ್ನ ಹಳೆಯ 60 ಹರ್ಟ್ಜ್ ಪರದೆಯಲ್ಲಿ 61.17 ಅಸಾಧ್ಯವಾಗಿತ್ತು. ಈ ಟಿವಿಯಲ್ಲಿ ಸಾಧ್ಯ. ನಾಳೆ ಸಂಜೆ ಮೀಟರ್ ಆರಿಸಿ, ಹೊಸ ಕಾಗದ ಹಿಡಿದು ಕೂರುತ್ತೇನೆ.