ತ್ರಿಶೂಲ ಅವರ ಹತ್ತಿರವೇ ಇತ್ತಲ್ಲ, ತಾತ?

“ತಾತ, ತ್ರಿಶೂಲ ಶಿವನ ಹತ್ತಿರಾನೇ ಇತ್ತಲ್ಲ, ಚಕ್ರ ವಿಷ್ಣು ಹತ್ತಿರಾನೇ ಇತ್ತಲ್ಲ. ಮತ್ತೆ ಅವರೇ ಯಾಕೆ ಗೆಲ್ಲಲಿಲ್ಲ?”

ಕಳೆದ ಶುಕ್ರವಾರ ಕೋಲಾರಮ್ಮನ ಗುಡಿಯ ಸರತಿ ಸಾಲಿನಲ್ಲಿ ನಮ್ಮ ಭಾವನವರ ಮೊಮ್ಮಗಳು ಕೇಳಿದ ಈ ಪ್ರಶ್ನೆ ಈ ವಾರವೆಲ್ಲ ನನ್ನ ಜೊತೆಯಲ್ಲೇ ಓಡಾಡುತ್ತಿದೆ. ನವರಾತ್ರಿಯ ಶುಕ್ರವಾರವಾದ್ದರಿಂದ ಸಾಲು ಇಂಚಿಂಚಾಗಿ ಸರಿಯುತ್ತಿತ್ತು. ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮಗು ಬೇಸರಪಟ್ಟುಕೊಳ್ಳದಿರಲೆಂದು ಭಾವನವರು ಮಹಿಷಾಸುರನ ಕಥೆಯನ್ನು ಎತ್ತಿಕೊಂಡಿದ್ದರು. ಅವರು ಕಥೆಯನ್ನು ಬಹಳ ಚೆನ್ನಾಗಿ ಹೇಳುತ್ತಾರೆ. ಶಿವ ತ್ರಿಶೂಲ ಕೊಟ್ಟ, ವಿಷ್ಣು ಚಕ್ರ ಕೊಟ್ಟ, ಇಂದ್ರ ವಜ್ರಾಯುಧದ ಜೊತೆಗೆ ಐರಾವತದ ಕೊರಳ ಗಂಟೆಯನ್ನೂ ಕೊಟ್ಟ, ವಾಯು ಬಿಲ್ಲನ್ನೂ ಬಾಣ ತುಂಬಿದ ಬತ್ತಳಿಕೆಗಳನ್ನೂ ಕೊಟ್ಟ, ಹಿಮವಂತ ಏರಲು ಸಿಂಹವನ್ನು ಕೊಟ್ಟ ಎಂದು ಅವರು ಬೆರಳು ಮಡಿಸುತ್ತಾ ಹೇಳುತ್ತಿದ್ದರೆ ಹಿಂದೆ ಮುಂದೆ ನಿಂತಿದ್ದವರೂ ಕಿವಿಗೊಟ್ಟಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. “ಇಷ್ಟೆಲ್ಲಾ ದೇವರುಗಳು ಕೊಡದೇ ಹೋಗಿದ್ದಿದ್ದರೆ, ಒಬ್ಬ ಹೆಣ್ಣುಮಗಳ ಕೈಲಿ ಆ ಕೋಣನ್ನ ಕೊಲ್ಲೋದು ಆಗ್ತಿತ್ತೇನಮ್ಮಾ?” ಎಂದು ಸೇರಿಸಿದರು. ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಪ್ರಶ್ನೆ ಕೇಳಿತು.

ಭಾವನವರು, ಗಂಡಸರಿಂದ ಸಾವಿಲ್ಲವೆಂಬ ವರವನ್ನು ಮಹಿಷನು ಬ್ರಹ್ಮನಿಂದ ಪಡೆದಿದ್ದನೆಂದು ಹೇಳಿದರು. “ಅಂದ್ರೆ ತ್ರಿಶೂಲದಿಂದ ಗೆದ್ದಿದ್ದು ಅಲ್ಲ ಅಲ್ವಾ, ತಾತ?” ಎಂದಿತು ಮಗು. ಹಿಂದಿದ್ದವರು ಯಾರೋ ನಕ್ಕರು. ಭಾವನವರು “ಸಾಲು ಮುಂದಕ್ಕೆ ಹೋಯ್ತು, ನಡಿ ನಡಿ” ಎಂದು ಅವಳ ಹೆಗಲ ಮೇಲೆ ಕೈಯಿಟ್ಟರು.

ಕೋಲಾರಮ್ಮನನ್ನು ನೇರವಾಗಿ ದಿಟ್ಟಿಸಬಾರದು, ಎದುರಿನ ಕನ್ನಡಿಯಲ್ಲಿ ನೋಡಬೇಕು ಎಂಬುದು ನಮ್ಮ ಊರಿನವರಿಗೆ ಹುಟ್ಟಿನಿಂದ ಗೊತ್ತಿರುವ ಸಂಗತಿ. ಅವಳ ಉಗ್ರತೆಯನ್ನು ಕಣ್ಣು ತಡೆಯಲಾರದೆಂದು ಹಿರಿಯರು ಹೇಳುತ್ತಿದ್ದರು. ಇಂಥ ದೇವತೆಯ ಬಾಗಿಲಲ್ಲಿ ನಿಂತು, ಅವಳ ಶಕ್ತಿ ಮೂಲದಲ್ಲಿ ಇತರರದ್ದು ಎಂದು ಹೇಳುವುದಕ್ಕೆ ನಮಗೆ ಒಂದಿಷ್ಟೂ ಅಳುಕಾಗುವುದಿಲ್ಲವಲ್ಲ ಎಂಬುದು ನನ್ನನ್ನು ಅಂದಿನಿಂದ ಕಾಡುತ್ತಿದೆ. ಭಾವನವರೊಬ್ಬರೇ ಹೀಗೆ ಹೇಳಿದವರಲ್ಲ. ನಾನು ಕೇಳಿದ ಹರಿಕಥೆಗಳಲ್ಲಿ, ಶಾಲೆಯ ನಾಟಕಗಳಲ್ಲಿ, ಗೊಂಬೆ ಕೂರಿಸಿದ ಮನೆಗಳಲ್ಲಿ ಮಕ್ಕಳಿಗೆ ಕೊಡುವ ವಿವರಣೆಯಲ್ಲಿ ಕೂಡ ಕಥೆ ಹೆಚ್ಚಾಗಿ ಆಯುಧಗಳ ಪಟ್ಟಿಯಲ್ಲೇ ತಂಗುತ್ತದೆ, ಕೊಟ್ಟವರ ಹೆಸರುಗಳು ಕೊಟ್ಟ ವಸ್ತುವಿಗಿಂತ ಜೋರಾಗಿ ಕೇಳಿಸುತ್ತವೆ.

ಮನೆಗೆ ಬಂದ ಮೇಲೆ ಮಾರ್ಕಂಡೇಯ ಪುರಾಣದ ದೇವೀ ಮಾಹಾತ್ಮ್ಯವನ್ನು ಮತ್ತೆ ತೆರೆದು ಕುಳಿತೆ. ಸಪ್ತಶತಿ ಎಂದು ನಾವು ಪಾರಾಯಣ ಮಾಡುವ, ಹದಿಮೂರು ಅಧ್ಯಾಯಗಳ ಆ ಭಾಗವನ್ನು ನಮ್ಮ ತಾಯಿ ನವರಾತ್ರಿಯಲ್ಲಿ ಓದುತ್ತಿದ್ದರು. ಅವರ ಬಾಯಿಂದ ಕೇಳಿ ಕೇಳಿ ಹಲವು ಶ್ಲೋಕಗಳು ನನಗೂ ಬರುತ್ತವೆ. ಈ ಸಲ ಆ ಮಗುವಿನ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದಾಗ, ಪ್ರಶ್ನೆಗೆ ಉತ್ತರ ಎರಡನೆಯ ಅಧ್ಯಾಯದ ಬಾಗಿಲಲ್ಲೇ ನಿಂತಿತ್ತು. ದೇವತೆಗಳಿಗೂ ಅಸುರರಿಗೂ ಪೂರ್ತಿ 100 ವರ್ಷ ಯುದ್ಧ ನಡೆಯಿತು, ದೇವಸೈನ್ಯ ಸೋತಿತು, ಮಹಿಷನೇ ಇಂದ್ರನಾದನು ಎಂದು ಕಥೆ ಆರಂಭವಾಗುತ್ತದೆ. ಅಂದರೆ ಆ ವಜ್ರಾಯುಧ, ಆ ಪಾಶ, ಆ ದಂಡ ಇವೆಲ್ಲ ಒಂದು ಶತಮಾನ ಕಾಲ ಅವರವರ ಕೈಯಲ್ಲೇ ಇದ್ದವು, ಮತ್ತು ಅವುಗಳಿಂದ ಏನೂ ಆಗಲಿಲ್ಲ. ಆಮೇಲೆ ಸೋತವರ ಕೋಪವೆಲ್ಲ ತೇಜಸ್ಸಾಗಿ ಹೊರಬಂದು, ಒಂದೆಡೆ ಕೂಡಿ, ಮೂರು ಲೋಕವನ್ನೂ ಬೆಳಗುವ ಹೆಣ್ಣಾಯಿತು. ಶಿವನ ತೇಜಸ್ಸು ಅವಳ ಮುಖವಾಯಿತು, ಯಮನದು ಕೂದಲಾಯಿತು, ವಿಷ್ಣುವಿನದು ತೋಳುಗಳಾಯಿತು. ಇಲ್ಲಿ ನಾನು ಹಿಂದೆಂದೂ ನಿಂತು ಗಮನಿಸದ ಒಂದು ವಿವರವಿದೆ. ಶಿವನು ತನ್ನ ಶೂಲವನ್ನು ಕಳಚಿ ಅವಳ ಕೈಗೆ ಕೊಡಲಿಲ್ಲ. ತನ್ನ ಶೂಲದಿಂದ ಇನ್ನೊಂದು ಶೂಲವನ್ನು ಸೆಳೆದು ಕೊಟ್ಟನು. ಕೃಷ್ಣನೆಂದು ಅಲ್ಲಿ ಕರೆಯಲಾದ ವಿಷ್ಣುವೂ ತನ್ನ ಚಕ್ರದಿಂದ ಮತ್ತೊಂದು ಚಕ್ರವನ್ನು ಹುಟ್ಟಿಸಿ ಕೊಟ್ಟನು. ಕೊಟ್ಟ ಮೇಲೂ ಅವರ ಆಯುಧ ಅವರ ಬಳಿಯೇ ಉಳಿಯಿತು. ಯುದ್ಧಕ್ಕೆ ಹೋದವಳು ಮಾತ್ರ ಅವಳು.

ಇದಕ್ಕಿಂತ ದೊಡ್ಡ ಮಾತು ಇನ್ನೂ ಹಿಂದೆ, ಮೊದಲನೆಯ ಅಧ್ಯಾಯದಲ್ಲೇ ಇದೆ. ಪ್ರಳಯದ ನೀರಿನಲ್ಲಿ ವಿಷ್ಣು ಯೋಗನಿದ್ರೆಯಲ್ಲಿ ಮಲಗಿರುವಾಗ, ಮಧು ಕೈಟಭರು ಬ್ರಹ್ಮನನ್ನು ಕೊಲ್ಲಲು ಬರುತ್ತಾರೆ. ಬ್ರಹ್ಮನು ಆ ನಿದ್ರೆಯಾಗಿರುವ ದೇವಿಯನ್ನೇ ಸ್ತುತಿಸುತ್ತಾ “ಖಡ್ಗಿನೀ ಶೂಲಿನೀ ಘೋರಾ ಗದಿನೀ ಚಕ್ರಿಣೀ ತಥಾ” ಎನ್ನುತ್ತಾನೆ. ಖಡ್ಗ, ಶೂಲ, ಗದೆ, ಚಕ್ರ ಹಿಡಿದವಳೇ ಎಂದು ಅವಳನ್ನು ಕರೆದಾಗ ಮಹಿಷನ ಹೆಸರೇ ಕಥೆಯಲ್ಲಿ ಇನ್ನೂ ಬಂದಿಲ್ಲ, ಯಾವ ದೇವತೆಯೂ ಅವಳಿಗೆ ಏನನ್ನೂ ಕೊಟ್ಟಿಲ್ಲ. ವಿಷ್ಣು ಎದ್ದು ಆ ಇಬ್ಬರೊಡನೆ ಐದು ಸಾವಿರ ವರ್ಷ ಬರಿಗೈಯಲ್ಲಿ ಹೋರಾಡಿದರೂ ಅವರು ಬಿದ್ದದ್ದು ಮಹಾಮಾಯೆ ಅವರ ಬುದ್ಧಿಗೆ ಮಂಕು ಕವಿಸಿದ ಮೇಲೆ. ಸೊಕ್ಕಿನಿಂದ ತಾವೇ ವಿಷ್ಣುವಿಗೆ ವರ ಕೊಡಲು ಹೋಗಿ, ನೀರಿಲ್ಲದ ಕಡೆ ಕೊಲ್ಲು ಎಂದು ಕೇಳಿಕೊಂಡು, ಅವನ ತೊಡೆಯ ಮೇಲೆ ತಲೆ ಕಳೆದುಕೊಂಡರು. ಮೊದಲನೆಯ ಅಧ್ಯಾಯವನ್ನು ಬಿಟ್ಟು ಎರಡನೆಯದರಿಂದ ಕಥೆ ಹೇಳುವವರಿಗೆ ಅವಳು ಎಲ್ಲರ ಋಣದಲ್ಲಿರುವ ಹೆಣ್ಣಾಗಿ ಕಾಣುತ್ತಾಳೆ. ಮೊದಲಿನಿಂದ ಓದಿದರೆ, ದೇವತೆಗಳು ಅವಳಿಂದಲೇ ಬಂದದ್ದನ್ನು ಅವಳಿಗೇ ತಂದೊಪ್ಪಿಸಿದಂತೆ ಕಾಣುತ್ತದೆ.

ಭಾವನವರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಒಳ್ಳೆಯವರು, ಕೈ ದೊಡ್ಡದು. ಸಂಬಳ ಸಾಲದ ದಿನಗಳಲ್ಲಿ ಸಾಲ ಮಾಡಿ ಮೂವರು ಹೆಣ್ಣುಮಕ್ಕಳನ್ನೂ ಓದಿಸಿದರು. ಅವರ ತಲೆಮಾರಿನಲ್ಲಿ ನಮ್ಮ ಬಂಧುಗಳಲ್ಲಿ ಹಾಗೆ ಮಾಡಿದವರು ವಿರಳ. ಆದರೆ ಹಿರಿಯ ಮಗಳು ಬಡ್ತಿ ಪಡೆದ ಸುದ್ದಿ ಬಂದಾಗಲೂ ಅವರ ಬಾಯಿಂದ ಮೊದಲು ಬಂದದ್ದು “ಅವತ್ತು ನಾನು ಓದಿಸದೇ ಇದ್ದಿದ್ದರೆ” ಎಂಬ ಮಾತು. ಆ ಹುಡುಗಿ ರಾತ್ರಿ ಎರಡು ಗಂಟೆಯವರೆಗೆ ಅಡುಗೆಮನೆಯ ದೀಪದಲ್ಲಿ ಓದುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪುಸ್ತಕ ಕೊಡಿಸಿದ್ದು ಅಪ್ಪ, ಸುಳ್ಳಲ್ಲ. ಅದೇ ಪುಸ್ತಕಗಳು ನಮ್ಮ ಬೀದಿಯ ಎಷ್ಟೋ ಗಂಡುಮಕ್ಕಳಿಗೂ ಸಿಕ್ಕಿದ್ದವು.

ನಮ್ಮ ಬೀದಿಯ ಕೊನೆಯಲ್ಲಿರುವ ಒಬ್ಬ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾನೇ ನೋಡಿಕೊಂಡು, ಟೊಮೆಟೊ ಬೆಳೆದು, ಮಂಡಿಯ ಹರಾಜಿನಲ್ಲಿ ದಲ್ಲಾಳಿಗಳ ಮುಂದೆ ನಿಂತು ದರ ಕೇಳುವಷ್ಟಕ್ಕೆ ಬಂದಿದ್ದಾಳೆ. ಬತ್ತಿದ ಕೊಳವೆ ಬಾವಿ, ನೆಲಕಚ್ಚಿದ ದರ ಎರಡನ್ನೂ ಕಂಡವಳು. ಅವಳ ಮಾತು ಬಂದಾಗಲೆಲ್ಲ ಮೈದುನ ಹನಿ ನೀರಾವರಿ ಹಾಕಿಸಿಕೊಟ್ಟ, ಸಂಘದವರು ಸಾಲ ಕೊಟ್ಟರು, ಅಣ್ಣ ಎರಡು ಹಸು ಹೊಡೆದುಕೊಟ್ಟ ಎಂದು ಜನ ಪಟ್ಟಿ ಹೇಳುತ್ತಾರೆ. ಎಲ್ಲವೂ ನಿಜ. ಈ ವಾರ ಆ ಪಟ್ಟಿಯನ್ನು ಹಾಲಿನ ಡೇರಿಯ ಬಳಿ ಇನ್ನೊಮ್ಮೆ ಕೇಳಿದಾಗ ನನಗೆ ನೆನಪಾದದ್ದು ಶುಂಭನ ಮಾತು.

ಸಪ್ತಶತಿಯ ಹತ್ತನೆಯ ಅಧ್ಯಾಯದ ಆರಂಭದಲ್ಲಿ ಅಸುರರಾಜ ಶುಂಭ ಆಡುವ ಮಾತು ಅದು. ಆ ಹೊತ್ತಿಗೆ ಅವನ ಕಡೆಯವರು ಹೆಚ್ಚಿನವರು ಸತ್ತಿದ್ದಾರೆ. ಕೂದಲು ಹಿಡಿದು ಎಳೆತರುತ್ತೇನೆಂದು ಬಂದ ಧೂಮ್ರಲೋಚನನನ್ನು ದೇವಿ ಬರಿಯ ಹುಂಕಾರದಿಂದ ಬೂದಿ ಮಾಡಿದ್ದಾಳೆ; ಅಲ್ಲಿ ಯಾರು ಕೊಟ್ಟ ಆಯುಧವೂ ಬೇಕಾಗಿರಲಿಲ್ಲ. ಅವಳ ಹುಬ್ಬು ಗಂಟಿಕ್ಕಿದ ಹಣೆಯಿಂದ ಹೊರಬಂದ ಕಾಳಿ, ಚಂಡ ಮುಂಡರ ತಲೆಗಳನ್ನು ತಂದೊಪ್ಪಿಸಿ ಚಾಮುಂಡಿ ಎಂಬ ಹೆಸರು ಪಡೆದಿದ್ದಾಳೆ. ನೆಲಕ್ಕೆ ಬಿದ್ದ ಒಂದೊಂದು ತೊಟ್ಟು ರಕ್ತದಿಂದ ತನ್ನಂಥವನೇ ಇನ್ನೊಬ್ಬನು ಏಳುತ್ತಿದ್ದ ರಕ್ತಬೀಜನ ರಕ್ತವನ್ನು ಚಾಮುಂಡಿ ನೆಲ ಮುಟ್ಟುವ ಮೊದಲೇ ಕುಡಿದು ಬರಿದು ಮಾಡಿದ್ದಾಳೆ. ತಮ್ಮ ನಿಶುಂಭನೂ ಬಿದ್ದಿದ್ದಾನೆ. ಆಗ ಶುಂಭ, ನಿನ್ನ ಬಲದ ಗರ್ವ ಸಾಕು, ನೀನು ಇತರರ ಬಲವನ್ನು ಆಶ್ರಯಿಸಿ ಕಾದುತ್ತಿದ್ದೀಯೆ ಎನ್ನುತ್ತಾನೆ. ಬ್ರಹ್ಮಾಣಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ ಮೊದಲಾದ ಮಾತೃಕೆಯರು, ಎಂದರೆ ಆಯಾ ದೇವತೆಗಳ ಶಕ್ತಿರೂಪಗಳಾದ ದೇವಿಯರು, ಅವಳ ಪಕ್ಕದಲ್ಲಿ ನಿಂತಿದ್ದನ್ನು ಕಂಡು ಆಡಿದ ಮಾತು ಅದು. ಸೋಲುವವನಿಗೆ ಕೊನೆಗೆ ಉಳಿಯುವ ಆರೋಪ ಇದೊಂದೇ ಎಂದು ನನಗೆ ಅನ್ನಿಸಿತು. ದೇವಿಯ ಉತ್ತರ “ಏಕೈವಾಹಂ ಜಗತ್ಯತ್ರ ದ್ವಿತೀಯಾ ಕಾ ಮಮಾಪರಾ” ಎಂಬುದು: ಈ ಜಗತ್ತಿನಲ್ಲಿ ಇರುವವಳು ನಾನೊಬ್ಬಳೇ, ನನ್ನನ್ನು ಬಿಟ್ಟು ಎರಡನೆಯವಳು ಯಾರಿದ್ದಾಳೆ? ಹಾಗೆಂದ ಕೂಡಲೇ ಮಾತೃಕೆಯರೆಲ್ಲ ಅವಳ ಮೈಯೊಳಗೆ ಸೇರಿಹೋಗುತ್ತಾರೆ. ಆಮೇಲಿನ ಯುದ್ಧ ಒಬ್ಬಳಿಗೂ ಒಬ್ಬನಿಗೂ. ರಥ ಮುರಿಯುತ್ತದೆ, ಬಿಲ್ಲು ತುಂಡಾಗುತ್ತದೆ, ನೆಲದ ಆಸರೆಯಿಲ್ಲದೆ ಆಕಾಶದಲ್ಲಿ ಮುಷ್ಟಿಯುದ್ಧ ನಡೆಯುತ್ತದೆ. ಶುಂಭ ಬಿದ್ದ ಮೇಲೆ ನದಿಗಳು ತಮ್ಮ ದಾರಿ ಹಿಡಿದು ಹರಿದವು ಎಂದು ಪುರಾಣ ಹೇಳುತ್ತದೆ.

ನಮ್ಮ ಸೀಮೆಯಲ್ಲಿ ಯುದ್ಧದ ಕಥೆಯಿಲ್ಲದ ಬೆಟ್ಟ ಸಿಗುವುದು ಕಷ್ಟ. ಪರಶುರಾಮನು ಕಾರ್ತವೀರ್ಯಾರ್ಜುನನನ್ನು ಕೊಂದಾಗ ಎದ್ದ ಕೋಲಾಹಲದಿಂದ ಈ ಊರಿಗೆ ಹೆಸರು ಬಂತೆನ್ನುತ್ತಾರೆ. ಆವನಿಯಲ್ಲಿ ಲವಕುಶರು ರಾಮನ ಸೈನ್ಯವನ್ನು ಎದುರಿಸಿದರೆನ್ನುತ್ತಾರೆ. ಕೈವಾರದಲ್ಲಿ ಭೀಮನು ಬಕಾಸುರನನ್ನು ಕೊಂದನೆನ್ನುತ್ತಾರೆ. ಈ ಕಥೆಗಳಲ್ಲಿ ರೇಣುಕೆ ಮಗನ ಕೊಡಲಿಗೆ ಕೊರಳೊಡ್ಡಿದವಳು, ಸೀತೆ ಒಬ್ಬಳೇ ಮಕ್ಕಳನ್ನು ಸಾಕಿದವಳು. ಆವನಿಯ ಬೆಟ್ಟದ ಮೇಲೆ ಸೀತೆಗೊಂದು ಗುಡಿಯಿರುವುದು ನನಗೆ ಯಾವಾಗಲೂ ಸಮಾಧಾನ ಕೊಡುವ ಸಂಗತಿ. ಆದರೆ ರಣರಂಗಕ್ಕೆ ತಾನೇ ಇಳಿದವಳು ಕೋಲಾರಮ್ಮ. ಗಂಗರ ಕಾಲದಲ್ಲಿ ಕುವಳಾಲವಾಗಿದ್ದ ಈ ಊರನ್ನು ಮುಂದೆ ಚೋಳರು ಆಳಿದರು; ಹನ್ನೊಂದನೆಯ ಶತಮಾನದ ಅವರ ತಮಿಳು ಶಾಸನಗಳು ಗುಡಿಯಲ್ಲಿ ಇಂದಿಗೂ ಇವೆ. ರಾಜೇಂದ್ರ ಚೋಳನ ಕಾಲದಲ್ಲಿ ದೇವಿಗೆ ಏನೇನು ಕೊಡಲಾಯಿತೆಂಬುದನ್ನು ಕಲ್ಲಿನಲ್ಲಿ ಬರೆಸಿಟ್ಟಿದ್ದಾರೆ. ಕೊಟ್ಟವರ ಲೆಕ್ಕ ಎಲ್ಲ ಕಾಲದಲ್ಲೂ ಬಹಳ ಚೆನ್ನಾಗಿ ಉಳಿದುಕೊಂಡಿದೆ.

ಮಹಾಬಲಿಪುರದ ಮಹಿಷಮರ್ದಿನಿ ಗುಹೆಯಲ್ಲಿ ಏಳನೆಯ ಶತಮಾನದ ಪಲ್ಲವ ಶಿಲ್ಪಿ ಕೆತ್ತಿದ ಯುದ್ಧವನ್ನು ನಾನು ನೋಡಿದ್ದೇನೆ. ಕೋಣನ ತಲೆಯ, ಮನುಷ್ಯನ ಮೈಯ ಮಹಿಷ ಗದೆ ಹಿಡಿದು ಹಿಂದಕ್ಕೆ ಸರಿಯುತ್ತಿದ್ದಾನೆ. ಸಿಂಹವೇರಿದ ದೇವಿ ಬಿಲ್ಲಿನ ಹೆದೆ ಎಳೆದಿದ್ದಾಳೆ. ಆಯುಧ ಕೊಟ್ಟ ದೊಡ್ಡ ದೇವತೆಗಳಲ್ಲಿ ಒಬ್ಬರೂ ಅಲ್ಲಿ ಅವಳ ಬೆನ್ನಿಗಿಲ್ಲ, ಸುತ್ತ ಇರುವುದು ಅವಳದೇ ಗಣಗಳು. ಸಪ್ತಶತಿಯಲ್ಲಿ ಮಹಿಷ ಸಿಂಹವಾಗಿ, ಖಡ್ಗ ಹಿಡಿದ ಪುರುಷನಾಗಿ, ಆನೆಯಾಗಿ, ಮತ್ತೆ ಕೋಣನಾಗಿ ರೂಪ ಬದಲಿಸುವಾಗ ದೇವಿ ಮಧುಪಾನ ಮಾಡುತ್ತಾ “ಗರ್ಜ ಗರ್ಜ ಕ್ಷಣಂ ಮೂಢ” ಎನ್ನುತ್ತಾಳೆ. ನಾನು ಕುಡಿದು ಮುಗಿಸುವವರೆಗೆ ಗರ್ಜಿಸಿಕೋ, ನೀನು ಸತ್ತ ಮೇಲೆ ಇಲ್ಲಿ ಗರ್ಜಿಸುವವರು ದೇವತೆಗಳು. ಎರವಲು ತಂದ ಬಲದವರಿಗೆ ಇಷ್ಟು ನಿರಾಳವಾದ ಮಾತು ಬರುವುದಿಲ್ಲ. ಗೆದ್ದ ಮೇಲೆ ನಾಲ್ಕನೆಯ ಅಧ್ಯಾಯದಲ್ಲಿ ಇಂದ್ರಾದಿಗಳು ಮಾಡುವ ಸ್ತುತಿಯಲ್ಲಿ ನಾವು ಕೊಟ್ಟೆವೆಂಬ ಮಾತು ಒಂದು ಕಡೆಯೂ ಇಲ್ಲ. “ಶೂಲೇನ ಪಾಹಿ ನೋ ದೇವಿ” ಎಂದು, ಅದೇ ಶೂಲದಿಂದ ತಮ್ಮನ್ನು ಕಾಪಾಡೆಂದು ಅವರು ಕೇಳಿಕೊಳ್ಳುತ್ತಾರೆ. ಮನಸ್ಸಿನಲ್ಲಿ ಕೃಪೆ, ಯುದ್ಧದಲ್ಲಿ ನಿಷ್ಠುರತೆ ಎರಡೂ ಒಟ್ಟಿಗೆ ಇರುವುದು ನಿನ್ನಲ್ಲಿ ಮಾತ್ರ ಎಂದೂ ಹೇಳುತ್ತಾರೆ. ದೇವತೆಗಳಿಗೇ ಇಲ್ಲದ ಕೊಟ್ಟವರ ಹೆಮ್ಮೆ ಕಥೆ ಹೇಳುವ ನಮ್ಮೊಳಗೆ ಎಲ್ಲಿಂದ ಬಂತೋ.

ನಿನ್ನೆ ಭಾವನವರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಬ್ರಹ್ಮಸ್ತುತಿಯ ಆ ಶ್ಲೋಕವನ್ನು ಎರಡು ಸಲ ಹೇಳಿಸಿಕೊಂಡರು. “ಮೊದಲೇ ಎಲ್ಲಾ ಇದ್ದವಳಿಗೆ ಮತ್ತೆ ಯಾಕಮ್ಮಾ ಕೊಟ್ಟರು?” ಎಂದು ಕೇಳಿದರು. ಕೊಡುವುದರಿಂದ ಕೊಡುವವರಿಗೂ ಆ ಯುದ್ಧದಲ್ಲಿ ಒಂದು ಪಾಲು ಸಿಗುತ್ತದೆ, ನೂರು ವರ್ಷ ಸೋತವರಿಗೆ ಅದು ಬೇಕಾಗಿತ್ತು ಎಂದೆ. ಅವರು ಒಪ್ಪಲಿಲ್ಲ, ವರದ ಕಾರಣವೇ ಸರಿಯೆಂದು ಇನ್ನೂ ವಾದಿಸುತ್ತಿದ್ದಾರೆ. ಮಗುವಿನ ರಜೆ ಮುಗಿಯುವುದರೊಳಗೆ ಅವರ ಮನೆಗೆ ಹೋಗಿ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮಧು ಕೈಟಭರ ಕಥೆಯಿಂದ ಆರಂಭಿಸಿ ಶುಂಭವಧೆಯವರೆಗೆ ಅವಳಿಗೆ ನಾನೇ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.