ಸುಮ್ಮನೆ ಮೇಲಕ್ಕೆ ಸರಿಸಿದ್ದು

"ಮೇಡಂ, ನಾನು ಏನನ್ನೂ ಬದಲಾಯಿಸಿಲ್ಲ, ಸುಮ್ಮನೆ ಮೇಲಕ್ಕೆ ಸರಿಸಿದೆ ಅಷ್ಟೆ." ಮಂಗಳವಾರ ನಮ್ಮ ತಂಡದ ಹೊಸ ಹುಡುಗ ಆಡಿದ ಈ ಮಾತು ವಾರ ಮುಗಿಯುತ್ತ ಬಂದರೂ ನನ್ನ ಕಿವಿಯಿಂದ ಹೋಗಿಲ್ಲ.

ಡೇಟಾಬೇಸ್ ನೋಡಿಕೊಳ್ಳಲು ಬಳಸುವ ಎಸ್‌ಕ್ಯುಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೊ ತಂತ್ರಾಂಶದ 'ಎಕ್ಸ್‌ಟರ್ನಲ್ ಟೂಲ್ಸ್' ಪಟ್ಟಿಯಲ್ಲಿ ನಾನು ವರ್ಷಗಳಿಂದ ಎರಡು ಹೊರಗಿನ ಪ್ರೋಗ್ರಾಂಗಳನ್ನು ಸೇರಿಸಿಟ್ಟುಕೊಂಡಿದ್ದೇನೆ. ಮೊದಲನೆಯದು, ತೆರೆದಿರುವ ಸ್ಕ್ರಿಪ್ಟನ್ನು, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಗಳ ಫೈಲನ್ನು, ಅದರ ಹಳೆಯ ಪ್ರತಿಯೊಂದಿಗೆ ಹೋಲಿಸಿ ತೋರಿಸುತ್ತದೆ. ಎರಡನೆಯದು, ಅದೇ ಸ್ಕ್ರಿಪ್ಟನ್ನು 'ಎಸ್‌ಕ್ಯುಎಲ್‌ಸಿಎಂಡಿ' ಎಂಬ ಕಮಾಂಡ್ ಸಾಧನದ ಮೂಲಕ ಟೆಸ್ಟ್ ಸರ್ವರ್‌ನಲ್ಲಿ ಓಡಿಸಿಬಿಡುತ್ತದೆ. ಎರಡಕ್ಕೂ ಕೀಬೋರ್ಡ್ ಶಾರ್ಟ್‌ಕಟ್ ಕೊಟ್ಟಿದ್ದೆ. ಸೋಮವಾರ ಕೆಲಸ ಕಲಿಯಲೆಂದು ನನ್ನ ಪಕ್ಕ ಕುಳಿತಿದ್ದ ಹುಡುಗ, ಹೆಚ್ಚು ಬಳಕೆಯದು ಮೇಲಿರಲಿ ಎಂದು ಎರಡನೆಯದನ್ನು ಮೊದಲನೆಯದರ ಮೇಲೆ ತಂದಿಟ್ಟ. ಅವನು ಅಚ್ಚುಕಟ್ಟಿನ ಹುಡುಗ. ಮೇಜಿನ ಮೇಲಿನ ಪೆನ್ನೂ ಓರೆಯಾಗಿರಬಾರದು. ನಾನೂ ನೋಡಿ ತಲೆಯಾಡಿಸಿದ್ದೆ.

ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಟೂಲ್‌ಗಳ ಹೆಸರೇ ಇರುವುದಿಲ್ಲ, 'ಟೂಲ್ಸ್.ಎಕ್ಸ್‌ಟರ್ನಲ್‌ಕಮಾಂಡ್1', 'ಎಕ್ಸ್‌ಟರ್ನಲ್‌ಕಮಾಂಡ್2' ಎಂದಷ್ಟೇ ಇರುತ್ತದೆ. ಶಾರ್ಟ್‌ಕಟ್ ಅಂಟಿಕೊಳ್ಳುವುದು ಪ್ರೋಗ್ರಾಂಗಲ್ಲ, ಪಟ್ಟಿಯಲ್ಲಿ ಅದು ಕುಳಿತ ಜಾಗಕ್ಕೆ. ಇದು ನನಗೆ ಗೊತ್ತಿತ್ತು, ಆದರೆ ಬೆರಳುಗಳಿಗೆ ಗೊತ್ತಿರಲಿಲ್ಲ. ಮಂಗಳವಾರ, ಯಾವ ಸಾಲುಗಳನ್ನಷ್ಟೇ ಅಳಿಸಬೇಕೆಂದು ಹೇಳುವ 'ವೇರ್' ಷರತ್ತನ್ನು ಇನ್ನೂ ಬರೆಯದೆ ಸೇವ್ ಮಾಡಿಟ್ಟಿದ್ದ 'ಡಿಲೀಟ್' ಸ್ಕ್ರಿಪ್ಟೊಂದನ್ನು ಹಳೆಯ ಪ್ರತಿಯೊಂದಿಗೆ ಹೋಲಿಸಿ ನೋಡೋಣವೆಂದು ಎಂದಿನಂತೆ ಮೊದಲ ಶಾರ್ಟ್‌ಕಟ್ ಒತ್ತಿದೆ. ಹೋಲಿಕೆಯ ಕಿಟಕಿ ತೆರೆಯಲಿಲ್ಲ. ಅಳಿಸಿಹೋದ ಸಾಲುಗಳ ಲೆಕ್ಕ ಬಂತು.

ಟೆಸ್ಟ್ ಸರ್ವರ್ ಆದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಎಸ್‌ಕ್ಯುಎಲ್ ಸರ್ವರ್‌ನ ಬ್ಯಾಕಪ್‌ನಿಂದ ಒಂದೇ ಟೇಬಲನ್ನು ಎತ್ತಿಕೊಳ್ಳಲು ನೇರ ದಾರಿಯಿಲ್ಲ. ಹಿಂದಿನ ರಾತ್ರಿಯ ಡೇಟಾಬೇಸನ್ನು ಬೇರೆ ಹೆಸರಿನಲ್ಲಿ ಇಡಿಯಾಗಿ ಮರಳಿಸಿ, ಅಲ್ಲಿಂದ ಸಾಲುಗಳನ್ನು ನಕಲು ಮಾಡುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅಷ್ಟರೊಳಗೆ ಟೆಸ್ಟಿಂಗ್ ತಂಡದ ಮುಖ್ಯಸ್ಥರು ನನ್ನ ಮೇಲಿನ ನಾಲ್ವರಿಗೂ ಪ್ರತಿ ಹೋಗುವಂತೆ ಮೇಲ್ ಕಳುಹಿಸಿದ್ದರು. ಎದ್ದು ಬಂದು ಕೇಳಬಹುದಿತ್ತು, ಅವರ ಕುರ್ಚಿ ನನ್ನಿಂದ ಹತ್ತು ಹೆಜ್ಜೆ.

ಹುಡುಗನ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದೇ ನನ್ನನ್ನು ಕಾಡುತ್ತಿದೆ. ಪ್ರೋಗ್ರಾಂ, ಅದಕ್ಕೆ ಯಾವ ಫೈಲ್ ಎಂಬಂಥ ಮಾಹಿತಿ ಕೊಡುವ ಆರ್ಗ್ಯುಮೆಂಟ್, ಶಾರ್ಟ್‌ಕಟ್ ಯಾವುದನ್ನೂ ಅವನು ಬದಲಾಯಿಸಿರಲಿಲ್ಲ. ಏಳನೆಯ ತರಗತಿಯಲ್ಲಿ ನನ್ನ ಹಾಜರಿ ಸಂಖ್ಯೆ 17 ಆಗಿತ್ತು. ನಡುವರ್ಷದಲ್ಲಿ ಬಂದ ಹುಡುಗಿಯೊಬ್ಬಳ ಹೆಸರನ್ನು ಮೇಷ್ಟ್ರು ಅಕ್ಷರಕ್ರಮದಲ್ಲಿ ನನಗಿಂತ ಮೇಲೆ ಬರೆದ ಮೇಲೆ ನಾನು 18 ಆದೆ; ಹಲವು ದಿನ "ಹದಿನೇಳು" ಎಂದೊಡನೆ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು. ತರಗತಿ ನಗುತ್ತಿತ್ತು, ಮೇಷ್ಟ್ರು ತಲೆಯೆತ್ತಿ ನೋಡಿ ಸರಿಪಡಿಸುತ್ತಿದ್ದರು. ಕಂಪ್ಯೂಟರ್‌ಗೆ ತಲೆಯೆತ್ತಿ ನೋಡುವ ಅಭ್ಯಾಸವಿಲ್ಲ. ಟೂಲ್ ಓಡುವ ಮುನ್ನ ಆರ್ಗ್ಯುಮೆಂಟ್ ಕೇಳುವಂತೆ ಮಾಡುವ ಆಯ್ಕೆಯೊಂದು 'ಎಕ್ಸ್‌ಟರ್ನಲ್ ಟೂಲ್ಸ್' ಕಿಟಕಿಯಲ್ಲೇ ಇದೆ. ಕೆಲಸ ನಿಧಾನವಾಗುತ್ತದೆಂದು ಅದನ್ನು ಗುರುತು ಮಾಡದೆ ಬಿಟ್ಟವಳು ನಾನೇ.

ಸಂಜೆ ಹುಡುಗ ಬಂದು, "ಮೇಡಂ, ಅದನ್ನು ಮತ್ತೆ ಕೆಳಗೆ ಸರಿಸಿಬಿಡಲಾ?" ಎಂದು ಕೇಳಿದ.

"ಎಲ್ಲಿದೆಯೋ ಅಲ್ಲೇ ಇರಲಿ, ಮೊದಲು ಅದರ ಶಾರ್ಟ್‌ಕಟ್ ತೆಗೆಯಪ್ಪಾ," ಎಂದೆ.